ಕೈ ತೊಳೆಯುವ ನೀರು

ಹೊಗೆಸೊಪ್ಪಿನ ಅಂಟು ಬರೀ ನೀರಿಗೆ ಹೋಗುವುದಿಲ್ಲ. ಹಸಿ ಎಲೆಯನ್ನು ಬೆಳಗಿನಿಂದ ಮುಟ್ಟುತ್ತಾ ಕುಳಿತರೆ ಊಟದ ಹೊತ್ತಿಗೆ ಅಂಗೈ ಕರ್ರಗಾಗಿ ಬೆರಳಿಗೆ ಬೆರಳು ಕಚ್ಚಿಕೊಳ್ಳುತ್ತದೆ. ಹುಣಸೆಹಣ್ಣು ಹಾಕಿ ಉಜ್ಜಿ, ಮೇಲೆ ಧಾರಾಳವಾಗಿ ನೀರು ಸುರಿದರೆ ಸ್ವಲ್ಪ ಬಿಡುತ್ತದೆ. ತೊಳೆಯದ ಕೈಯಲ್ಲಿ ಮುದ್ದೆ ಮುರಿದರೆ ಬಾಯೆಲ್ಲ ಕಹಿ. ದೊಡ್ಡವರಿಗೆ ಕಹಿ, ಅಷ್ಟೆ. ಎದೆಹಾಲು ಕುಡಿಯುವ ಕೂಸಿಗೆ ಅದು ವಿಷ.

ನಾನು ಮದುವೆಯಾಗಿ ಅರಕಲಗೂಡು ಕಡೆಗೆ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ತವರು ಹೊಳೆನರಸೀಪುರದ ಹತ್ತಿರ, ಗದ್ದೆ ಬಯಲು. ಅಲ್ಲಿ ನಾಟಿ ಹಾಕುವಾಗ ಕೈ ಸದಾ ನೀರಿನಲ್ಲೇ ಇರುತ್ತಿತ್ತು. ಇಲ್ಲಿ ಹೊಗೆಸೊಪ್ಪು. ಊರಿನ ದೊಡ್ಡ ಜಮೀನಿನ ಯಜಮಾನರು ಬ್ಯಾರನ್ ಕಟ್ಟಿಸಿದ್ದರು. ಬ್ಯಾರನ್ ಅಂದರೆ ಎತ್ತರದ ಮಣ್ಣುಗೋಡೆಯ ಮನೆ. ಒಳಗೆ ಎಲೆ ನೇತುಹಾಕಿ, ಸೌದೆ ಉರಿಸಿ, ಆ ಕಾವಿನಲ್ಲಿ ಹದ ಮಾಡುತ್ತಾರೆ. ಗಂಡಸರು ಹೊಲದಿಂದ ಎಲೆ ಮುರಿದು ತಂದು ಚಪ್ಪರದಡಿ ಸುರಿಯುತ್ತಿದ್ದರು. ನಾವು ಹೆಂಗಸರು ಅದನ್ನು ದಾರದಲ್ಲಿ ಕೋಲಿಗೆ ಕಟ್ಟಬೇಕು. ಮುರಿದ ಎಲೆ ಅವತ್ತೇ ಬ್ಯಾರನ್ ಒಳಗೆ ಹೋಗಬೇಕು. ರಾಶಿಯಲ್ಲೇ ಉಳಿದರೆ ಬಿಸಿಯೇರಿ ಕೆಡುತ್ತದೆ.

ನಮ್ಮ ಕೇರಿಯವರು ಯಜಮಾನರ ಬಾವಿ ಮುಟ್ಟುವಂತಿರಲಿಲ್ಲ. ಈಗ ಇದನ್ನು ಬಿಡಿಸಿ ಹೇಳಬೇಕು, ಆಗ ಹೇಳಬೇಕಾಗಿರಲಿಲ್ಲ. ಅವರ ಕಡೆಯವರು ಸೇದಿ ಮೇಲಿನಿಂದ ಹೊಯ್ಯಬೇಕು, ನಾವು ಕೈಯೊಡ್ಡಬೇಕು. ಅದಕ್ಕೆಂದೇ ಅವರ ಮನೆಯ ಮುದುಕ ಆಳೊಬ್ಬ ಇದ್ದ. ಬೈಯುತ್ತಲೇ ಹೊಯ್ಯುತ್ತಿದ್ದ.

"ಏನ್ರಮ್ಮೀ, ಮದ್ವೆಗೆ ಒಂಟಿದ್ದೀರಾ? ಇಷ್ಟೊತ್ತು ಉಜ್ಕತೀರಲ್ಲ!"

"ನೀನೇ ಗಂಡಾಗಿ ಬಾ ಕಣಯ್ಯ, ಇದೇ ನೀರಲ್ಲಿ ಧಾರೆ ಎರುಸ್ಕತೀನಿ" ಅನ್ನುತ್ತಿದ್ದಳು ನನ್ನ ಅತ್ತೆ. ಮುದುಕ ನಗುತ್ತಾ ಇನ್ನೊಂದು ಕೊಡ ಸೇದುತ್ತಿದ್ದ.

ನನ್ನ ಮೊದಲ ಮಗಳು ಹುಟ್ಟಿದ ವರ್ಷ ಯಜಮಾನರು ಇನ್ನೊಂದು ಬ್ಯಾರನ್ ಎಬ್ಬಿಸಿದರು. ಎಲೆ ಜಾಸ್ತಿಯಾಯಿತು, ಆಳು ಅಷ್ಟೇ. ಮುದುಕನನ್ನು ಸೌದೆ ಒಟ್ಟುವುದಕ್ಕೆ ಹಾಕಿದರು. ನೀರು ಹೊಯ್ಯುವವರು ಇಲ್ಲದಂತಾಯಿತು. ಬಾವಿ ಕಣ್ಣೆದುರಿಗೇ ಇತ್ತು. ಹಗ್ಗ, ಕೊಡ ಎರಡೂ ಅಲ್ಲೇ ಇದ್ದವು. ನಾವು ಮನೆಯಿಂದ ಚೊಂಬಿನಲ್ಲಿ ತಂದದ್ದು ಕುಡಿಯುವುದಕ್ಕೇ ಸಾಲುತ್ತಿರಲಿಲ್ಲ.

ಕೂಸನ್ನು ಚಪ್ಪರದ ಕಂಬಕ್ಕೆ ಜೋಲಿ ಕಟ್ಟಿ ಮಲಗಿಸಿದ್ದೆ. ಹಸಿದು ಅತ್ತಿತು. ಸೆರಗಿಗೆ ಕೈ ಒರೆಸಿಕೊಂಡೆ, ಸೆರಗೂ ಅಂಟು. ಉಗುಳು ಹಚ್ಚಿ ಉಜ್ಜಿದೆ. ಮೊಣಕೈಯಲ್ಲಿ ಎತ್ತಿ ಮಡಿಲಿಗೆ ಹಾಕಿಕೊಂಡರೂ ಮೊಲೆ ಹಿಡಿದು ಕೊಡುವುದಕ್ಕೆ ಬೆರಳು ಬೇಕೇ ಬೇಕು. ಒಂದಿಷ್ಟು ಕುಡಿದು ಎಲ್ಲವನ್ನೂ ಕಕ್ಕಿತು. ಮೈ ಬೆವರಿ, ತುಟಿ ಬಿಳಿಚಿ, ಕತ್ತು ನಿಲ್ಲದೆ ನನ್ನ ತೋಳಿನ ಮೇಲೆ ಬಿದ್ದುಕೊಂಡಿತು. ಸಂಜೆ ಮನೆಗೆ ಹೋಗಿ, ಅತ್ತೆ ನನ್ನ ಕೈಯನ್ನೂ ಎದೆಯನ್ನೂ ತೊಳೆಸಿ ಕುಡಿಸಿದ ಮೇಲೆ ಕಣ್ಣು ಬಿಟ್ಟಿತು. ಮಾರನೆಯ ದಿನವೂ ಅದೇ ಆಯಿತು. ಕೂಸನ್ನು ಮನೆಯಲ್ಲಿ ಬಿಡೋಣವೆಂದರೆ ಹಾಲು ನನ್ನ ಹತ್ತಿರ. ಕೆಲಸ ಬಿಡೋಣವೆಂದರೆ ಒಲೆ ಹತ್ತಬೇಕಲ್ಲ.

ಅದರ ಮಾರನೆಯ ಬೆಳಿಗ್ಗೆ ಯಜಮಾನರು ಚಪ್ಪರಕ್ಕೆ ಬಂದಾಗ ಅತ್ತೆ ಎದ್ದು ನಿಂತಳು.

"ಬುದ್ದಿ, ಕೈಗೆ ನೀರು ಉಯ್ಯೋರು ಬೇಕು. ಕೂಸು ಆಲು ಕುಡೀತಿಲ್ಲ."

ಯಜಮಾನರು ರಾಶಿ ನೋಡಿದರು, ನಮ್ಮನ್ನು ನೋಡಿದರು. "ಕೂಲಿ ಬೇಕಾರೆ ಚೂರು ಜಾಸ್ತಿ ಆಕಾನ. ನೀರು ಉಯ್ಕಂಡ್ ನಿಂತ್ಕಳ್ಳಾಕೆ ನನ್ನತ್ರ ಆಳಿಲ್ಲ. ಕೈ ತೊಳೀಬೇಕು ಅನ್ನೋರು ಕೆರೆಗೆ ಓಗಿ ತೊಳ್ಕಳ್ಳಿ."

ಕೆರೆ ಊರಾಚೆಯ ಇಳಿಜಾರಿನಲ್ಲಿತ್ತು. ಯಾರೂ ಹೋಗುವುದಿಲ್ಲ ಎಂದು ತಿಳಿದೇ ಅವರು ಹಾಗಂದದ್ದು.

ಈಗ ಹಾಸನದಲ್ಲಿ ಕೂಲಿಯವರು ರಸ್ತೆಯಲ್ಲಿ ಧರಣಿ ಕೂತರೆ, ಇವರಿಗೆ ಎಷ್ಟು ಕೊಟ್ಟರೂ ಸಾಲದು ಅನ್ನುವವರನ್ನು ಬಸ್ಸಿನಲ್ಲಿ ಕೇಳಿದ್ದೇನೆ. ನಾನು ಓದಿದವಳಲ್ಲ, ಅಕ್ಷರ ಕೂಡಿಸಿ ಬರೆಯುವುದು ಗೊತ್ತು, ಅಷ್ಟೆ. ಆದರೆ ಇದು ಗೊತ್ತಿದೆ: ಅವತ್ತು ಕೂಲಿ ಜಾಸ್ತಿ ಮಾಡುತ್ತೇನೆಂದು ಅವರೇ ಅಂದರು, ನಾವು ಅದಕ್ಕೆ ತಲೆಯಾಡಿಸಲಿಲ್ಲ. ಅವರ ಎಲೆ ಬಾಡಬಾರದು, ನನ್ನ ಕೂಸು ಬಾಡಬಹುದು ಎಂದಾಯಿತಲ್ಲ, ಅದು ಹೊಟ್ಟೆ ಉರಿಸಿತು.

ಅತ್ತೆ ಕೈಯಲ್ಲಿದ್ದ ಕೋಲನ್ನು ಕೆಳಗಿಟ್ಟಳು. "ಏಳ್ರಮ್ಮೀ. ಕೆರೆಗೆ ಓಗಿ ಅಂತ ಬುದ್ದಿಯೋರೇ ಅಂದವ್ರೆ."

ಪಕ್ಕದವಳು ಹೆದರಿಕೊಂಡು, "ಎಲೆ ಎಂಗಕ್ಕಾ?" ಅಂದಳು.

"ಅದೇನು ನಿನ್ ಮಗನಾ, ಅಳ್ತದಾ? ಬಾ ಸುಮ್ಕೆ."

ಒಬ್ಬಳೂ ಹಿಂದುಳಿಯಲಿಲ್ಲ. ಕೆರೆಯಲ್ಲಿ ಹುಣಸೆಹಣ್ಣು ಹಂಚಿಕೊಂಡು ಮೊಣಕೈವರೆಗೆ ಉಜ್ಜಿದೆವು. ನಾನು ತೂಬಿನ ಕಲ್ಲಿನ ಮೇಲೆ ಕೂತು ಮಗಳಿಗೆ ಕುಡಿಸಿದೆ. ಕುಡಿಯುತ್ತಲೇ ನಿದ್ದೆಹೋಯಿತು. ಅಷ್ಟರಲ್ಲಿ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಏದುಸಿರು ಬಿಡುತ್ತಾ ಓಡಿಬಂದ.

"ಬನ್ರೇ, ರಾಶಿ ಬಿಸಿಯಾಯ್ತಾ ಐತೆ!"

"ಒಳ್ಳೇದಾಯ್ತು ಬುಡಪ್ಪ, ಸೌದೆ ಉಳೀತು" ಅಂದಳು ಅತ್ತೆ.

ಹೋಗಿ ಕಟ್ಟಿದೆವು. ಕೈ ಕರ್ರಗಾಯಿತು, ಕೂಸು ಅತ್ತಿತು, ಮತ್ತೆ ಎಲ್ಲರೂ ಎದ್ದು ಕೆರೆಗೆ ನಡೆದೆವು. ಅವತ್ತು ರಾಶಿಯ ಅಡಿಯ ಎಲೆ ಕೆಟ್ಟುಹೋಯಿತು. ಮಾರನೆಯ ಬೆಳಿಗ್ಗೆ ಹೋದರೆ ಮುದುಕ ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದ. ಎಲೆ ಮುಗಿಯುವವರೆಗೂ ನನ್ನ ಮಗಳು ಮತ್ತೆ ಕಕ್ಕಲಿಲ್ಲ.

ಗೆದ್ದೆವೆಂದು ಕುಣಿಯುವಂಥದ್ದೇನೂ ಇರಲಿಲ್ಲ. ಮುಂದಿನ ವರ್ಷ ಎಲೆ ಮುರಿಯುವ ಕಾಲಕ್ಕೆ ನಮ್ಮ ಕೇರಿಗೆ ಯಾರೂ ಕರೆಯಲು ಬರಲಿಲ್ಲ. ಚನ್ನರಾಯಪಟ್ಟಣದ ಕಡೆಯಿಂದ ಲಾರಿಯಲ್ಲಿ ಹೆಂಗಸರನ್ನು ತಂದು ಇಳಿಸಿದರು. ನಾನು, ಅತ್ತೆ ರಸ್ತೆಗೆ ಜಲ್ಲಿ ಒಡೆಯಲು ಹೋದೆವು. ಅಲ್ಲಿ ಕೈಗೆ ಅಂಟು ಇರಲಿಲ್ಲ, ಬೊಬ್ಬೆ ಇತ್ತು.

ಒಂದು ದಿನ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದೆ. ಲಾರಿಯಲ್ಲಿ ಬಂದವಳೊಬ್ಬಳು ಕೂಸನ್ನು ತೋಳಿನ ಮೇಲೆ ಹಾಕಿಕೊಂಡು ಬಂದಳು. ಕೈ ಕರ್ರಗಿತ್ತು.

"ಅಕ್ಕಾ, ಈ ಅಂಟು ಏನಾಕುದ್ರೆ ಓಯ್ತದೆ?"

ನನ್ನ ಅನ್ನ ತಿನ್ನುತ್ತಿರುವವಳು ಎಂದು ಮೈ ಉರಿಯಿತು. ಬಟ್ಟೆಯನ್ನು ಕಲ್ಲಿಗೆ ಜೋರಾಗಿ ಬಡಿದೆ. ಆಮೇಲೆ ಕೂಸಿನ ಕಡೆ ನೋಡಿದೆ. ಅದರ ಕತ್ತು ನಿಂತಿರಲಿಲ್ಲ.

"ಉಣಸೇಹಣ್ಣು" ಅಂದೆ. "ಅಲ್ಲೇ ಬಾವಿ ನೀರು ಕೇಳು. ಎಲೆ ರಾಶಿ ಬಿದ್ದಿರೋವಾಗ ಕೇಳು. ಬ್ಯಾರನ್ ತುಂಬುದ್ ಮ್ಯಾಲೆ ಯಾರೂ ಕೇಳ್ಸ್ಕಳ್ಳಲ್ಲ."

"ಕೇಳುದ್ರೆ ತೆಗ್ದಾಕ್ತಾರೇನೋ."

"ತೆಗ್ದಾಕ್ತಾರೆ. ನಮ್ಮನ್ನ ತೆಗ್ದಾಕಿದ್ಕೇ ನೀವು ಬಂದಿರೋದು."

ಚೊಂಬು ಬೆಳಗಲು ತಂದಿದ್ದ ಹುಣಸೆ ಉಂಡೆಯನ್ನು ಅವಳ ಅಂಗೈಗೆ ಹಾಕಿ ಕೂಸನ್ನು ಎತ್ತಿಕೊಂಡೆ. ಅವಳು ಉಜ್ಜತೊಡಗಿದಳು. ಏರಿಯ ಮೇಲಿನಿಂದ ಮೇಸ್ತ್ರಿ ಕೂಗಿದ. ಅವಳು ಬೆಚ್ಚಿ, ಅರೆಬರೆ ತೊಳೆದ ಕೈಗಳನ್ನು ಕೂಸಿಗಾಗಿ ಚಾಚಿದಳು.

ನಾನು ಕೊಡಲಿಲ್ಲ.

"ಅವ್ನು ಕೂಗ್ಲಿ. ಪೂರ್ತಿ ತೊಳ್ಕ" ಅಂದೆ.