ಕೋಟಿ ವರ್ಷದ ಹಸುಗೂಸು

ಅಕ್ಕೂರಿನ ರೇಷ್ಮೆ ಸಾಕುವ ಮನೆಯ ಲತಾಮಣಿಯ ಕೆಲಸವನ್ನು ಊರಿನವರಿಗೆ ವಿವರಿಸುವುದಕ್ಕಿಂತ ಮಾಡುವುದೇ ಸುಲಭ. ಎಳೆಯ ನಕ್ಷತ್ರಗಳ ಫೋಟೊಗಳಲ್ಲಿ, ಅವುಗಳ ಸುತ್ತ ಈಗಷ್ಟೇ ಹುಟ್ಟಿದ, ಇನ್ನೂ ಬಿಸಿ ಆರದ ಗ್ರಹಗಳನ್ನು ಹುಡುಕುವುದು. ನಕ್ಷತ್ರದ ಬೆಳಕು ಕಣ್ಣು ಕುಕ್ಕುತ್ತದೆಂದು ದೂರದರ್ಶಕದೊಳಗೇ ಒಂದು ಕಪ್ಪು ಬಿಲ್ಲೆ ಅಡ್ಡ ಇಡುತ್ತಾರೆ. ಆಗ ಪಕ್ಕದ ಮಂಕು ಚುಕ್ಕಿ ಕಾಣುತ್ತದೆ.

ಹಾಗೊಂದು ಚುಕ್ಕಿ ಲತಾಮಣಿಗೆ ಸಿಕ್ಕಿತು. "ಈಗಲೇ ಯಾರಿಗೂ ಹೇಳಬೇಡ," ಎಂದರು ಅವಳ ಸಂಶೋಧನೆಯ ಗೈಡ್ ನಿಖಾತ್ ಮೇಡಂ. "ವರ್ಷ ಬಿಟ್ಟು ಇನ್ನೊಂದು ಫೋಟೊ ತೆಗೆಯೋಣ. ನಕ್ಷತ್ರದ ಜೊತೆಗೇ ಸರಿದಿದ್ದರೆ ಅದರ ಮಗು. ಇದ್ದಲ್ಲೇ ಇದ್ದರೆ ಹಿಂದೆಲ್ಲೋ ಇರುವ ಬೇರೆ ನಕ್ಷತ್ರ."

ಅವಳು ಅವ್ವನಿಗೆ ಮಾತ್ರ ಹೇಳಿದಳು. ಅವ್ವನಿಗೆ ಹೇಳುವುದೂ ಊರಲ್ಲಿ ಡಂಗುರ ಹೊಡೆಸುವುದೂ ಒಂದೇ ಎಂದು ಗೊತ್ತಿತ್ತು. ಸಂತೋಷ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಅಷ್ಟೆ.

ಅವ್ವ ಶಿವಲಿಂಗಮ್ಮ ಫೋಟೊವನ್ನು ನಡುಮನೆ ಗೋಡೆಗೆ ಅಂಟಿಸಿದಳು. ಕಪ್ಪು ಬಿಲ್ಲೆ ಕಂಡು ಮೆಚ್ಚಿದಳು. "ದೃಷ್ಟಿಬೊಟ್ಟು ಇಕ್ಕವ್ರೆ, ಒಳ್ಳೇದಾಯ್ತು. ಕೂಸಿಗೆ ಎಷ್ಟಾಯ್ತು?"

"ಒಂದ್ ಕೋಟಿ ವರ್ಷ ಕಣವ್ವ."

"ಇನ್ನೂ ಹೆಸ್ರಿಕ್ಕಿಲ್ವಾ!"

ಪಕ್ಕದ ಮನೆ ಚಿಕ್ಕತಾಯಮ್ಮ ದಿನಾ ಬಂದು "ಎಷ್ಟ್ ಮುದ್ದಾಗೈತೆ!" ಎಂದು ಹೊಗಳಿ ಹೋಗುತ್ತಿದ್ದಳು.

ವರ್ಷ ಕಳೆದು ಎರಡನೇ ಫೋಟೊ ಬಂತು. ನಕ್ಷತ್ರ ಸರಿದಿತ್ತು. ಚುಕ್ಕಿ ಮಾತ್ರ, ಮದುವೆ ಫೋಟೊದಲ್ಲಿ ಹೆಣ್ಣುಗಂಡಿನ ಹಿಂದೆ ಹಲ್ಲು ಕಿರಿದು ನಿಂತ ಯಾವನೋ ಗುರುತಿಲ್ಲದವನ ಹಾಗೆ, ಇದ್ದಲ್ಲೇ ಇತ್ತು. ಲತಾಮಣಿ ಅತ್ತಳು. ಮೇಡಂ ಸಮಾಧಾನ ಮಾಡಿದರು. ಅವಳಿಗೆ ಹೆದರಿಕೆ ಇದ್ದದ್ದು ಅಕ್ಕೂರಿನದು. ಊರಿಗೆ ಬಂದು ಅವ್ವನ ಮುಂದೆ ಕೂತಳು.

"ನಾನೇ ತಪ್ಪು ನೋಡ್ಬುಟ್ಟೆ ಕಣವ್ವ. ಊರೋರ್ಗೆ ಏನಂತ ಮಕ ತೋರ್ಸ್ಲಿ?"

ಶಿವಲಿಂಗಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಬೀದಿಗಿಳಿದು ಗಂಟಲು ಹರಿಯುವಂತೆ ಕೂಗಿದಳು: "ಲೇ ಚಿಕ್ಕತಾಯಿ! ನಿನ್ ಕಣ್ ತಾಕಿ ನಮ್ ಕೂಸು ಹೋಯ್ತಲ್ಲೇ!"

ಬೀದಿಯೇ ಬಾಗಿಲಿಗೆ ಬಂತು. ಚಿಕ್ಕತಾಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದಳು. ಲತಾಮಣಿಗೆ ತಡೆಯಲಾಗಲಿಲ್ಲ. "ನಿಮ್ ಕಣ್ಣಲ್ಲ ಚಿಕ್ಕತಾಯಕ್ಕ. ವರ್ಷವೆಲ್ಲಾ ಎವೆ ಮುಚ್ಚದೆ ಅದನ್ನ ನೋಡಿದ್ದು ನಾನು."

"ಹಂಗಾರೆ ನಿಂದೇ ತಾಕೈತೆ!" ಚಿಕ್ಕತಾಯಮ್ಮನಿಗೆ ಹೋದ ಜೀವ ಬಂತು. "ಕೂತ್ಕೊ, ತೆಗೀತೀನಿ."

ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಬೇಕು. ಘಾಟು ಬರದಿದ್ದರೆ ದೃಷ್ಟಿ ತಾಕಿದೆಯೆಂದು ಲೆಕ್ಕ. ಬಂದರೆ ದೃಷ್ಟಿಯಿಲ್ಲ, ತಪ್ಪು ಲತಾಮಣಿಯದೇ. ಬಾಗಿಲಲ್ಲಿದ್ದವರೆಲ್ಲ ಕತ್ತು ಚಾಚಿದರು.

ಮೆಣಸಿನಕಾಯಿ ಕೆಂಡಕ್ಕೆ ಬಿತ್ತು. ಅಡುಗೆಮನೆ ತುಂಬ ಅಂಥಾ ಘಾಟು ಎದ್ದಿತೆಂದರೆ ಒಳಗಿದ್ದ ಮೂವರಿಗೂ ಉಸಿರು ಕಟ್ಟಿತು. ಶಿವಲಿಂಗಮ್ಮ ಧಡಾರನೆ ಅಡುಗೆಮನೆಯ ಕದ ಹಾಕಿ, ಕಣ್ಣಲ್ಲಿ ನೀರು ಸುರಿಸುತ್ತ ಒಳಗಿನಿಂದಲೇ ಕೂಗಿದಳು: "ಒಸಿನೂ ಘಾಟಿಲ್ಲ ಕಣ್ರವ್ವ! ದೃಷ್ಟಿನೇ!"

ಚಿಕ್ಕತಾಯಮ್ಮ ಲತಾಮಣಿಯ ಮುಖ ನೋಡಿದಳು. ಬಾಯಿಗೆ ಸೆರಗು ತುರುಕಿ ಕೆಮ್ಮು ನುಂಗಿಕೊಂಡು ತಾನೂ ದನಿ ಸೇರಿಸಿದಳು: "ಒಸಿನೂ ಇಲ್ಲ!"

ಇಬ್ಬರನ್ನೂ ತಬ್ಬಿಕೊಳ್ಳಬೇಕೆನಿಸಿತು ಲತಾಮಣಿಗೆ. ಕೆಮ್ಮು ಬಿಡಲಿಲ್ಲ.