ಏನೂ ಕೇಳಿಸದ ಕೇಬಲ್ಲು

ದೆವ್ವ ಭೂತಗಳ ವಿಷಯದಲ್ಲಿ ನಾನು ಭಾರೀ ಕಟ್ಟುನಿಟ್ಟಿನ ಮನುಷ್ಯನಾಗಿದ್ದೆ. ಬಾವಿಯ ಹತ್ತಿರ ಯಾರೋ ಕೂಗಿದರು ಎಂದು ಹೇಳಿದ ಹುಡುಗರನ್ನು ವರ್ಗದಲ್ಲಿ ಎಬ್ಬಿಸಿ ನಿಲ್ಲಿಸಿ, ದನಿ ಎಲ್ಲಿ ಹುಟ್ಟುತ್ತದೆ, ಕಿವಿಗೆ ಹೇಗೆ ಮುಟ್ಟುತ್ತದೆ ಎಂದು ಅರ್ಧ ತಾಸು ಕೊರೆದವನು. ಆ ಹುಡುಗರಲ್ಲಿ ಯಾರಾದರೂ ಇದನ್ನು ಓದಿದರೆ ನಗಬಹುದು. ನಗಲಿ. ನಾನೂ ಹಾಗೆ ನಕ್ಕವನೇ.

ಜತ್ತ ತಾಲೂಕಿನ ವಳಸಂಗ ನಮ್ಮೂರು; ಮನೆಮಾತು ಕನ್ನಡ, ಶಾಲೆ ಮರಾಠಿಯದು. ಧಾರವಾಡದ ಬಾನುಲಿ ಕೇಂದ್ರ ಶುರುವಾಗಿ ಮೂರ್ನಾಲ್ಕು ವರ್ಷಗಳಾಗಿದ್ದವು. ಬ್ಯಾಟರಿಯ ಮೇಲೆ ನಡೆಯುವ ಹಳೆಯ ರೇಡಿಯೋ ಒಂದನ್ನು ಮನೆಗೆ ತಂದಿದ್ದೆ. ದಿನವಿಡೀ ಶಾಲೆಯಲ್ಲಿ ಮರಾಠಿ ಕಲಿಸುವವನಿಗೆ, ಸಂಜೆ ಗಾಳಿಯಲ್ಲಿ ಕನ್ನಡದ ಮಾತು ಬರುತ್ತದೆ ಎಂದರೆ ಹಿಗ್ಗು. ಆದರೆ ಮನೆಯ ಮಗ್ಗುಲಲ್ಲೇ ಹಿಟ್ಟಿನ ಗಿರಣಿ. ಅದರ ಸೀಮೆಎಣ್ಣೆ ಇಂಜಿನ್ನು ಕಿಡಿ ಹಾರಿಸುತ್ತಿರುವಷ್ಟು ಹೊತ್ತೂ ರೇಡಿಯೋದಲ್ಲಿ ಗರಗರ ಬಿಟ್ಟು ಬೇರೇನಿಲ್ಲ. ಅಪ್ಪನದು ಇನ್ನೊಂದು ಕಾಟ. ಬ್ಯಾಟರಿ ತೀರಿದರೆ ಮಿರಜಿಗೇ ಹೋಗಬೇಕಲ್ಲ! ಅದಕ್ಕೇ ಎರಡು ನಿಮಿಷ ಗರಗರ ಎಂದರೆ ಸಾಕು, ಮೂಲೆಯಿಂದ ಕೂಗುತ್ತಿದ್ದ: "ಬಂದ್ ಮಾಡೋ, ಬ್ಯಾಟರಿ ತೀರ್ತಾವ!"

ನಾನು ನಾಲ್ಕು ಅಕ್ಷರ ಕಲಿತೆ. ತಮ್ಮ ಬೀರಪ್ಪ ಕುರಿ ಹಿಡಿದ. ಕುರಿ ಕಾಯುವ ನಮ್ಮಂಥವರಲ್ಲಿ ಒಬ್ಬೊಬ್ಬರದೂ ಒಂದೊಂದು ಕೂಗು. ಹತ್ತು ಹಿಂಡು ಕಲೆತಿದ್ದರೂ ಕುರಿ ತನ್ನವನ ಕೂಗಿಗಷ್ಟೇ ತಲೆ ಎತ್ತುತ್ತದೆ. ಬೀರಪ್ಪನದು ಮೊದಲು "ತ್ರ್ಯಾ ತ್ರ್ಯಾ", ಆಮೇಲೆ ಉದ್ದ ಸಿಳ್ಳು. ಮುಂದಿನ ಹಲ್ಲು ಟಗರಿನ ಗುದ್ದಿಗೆ ಮುರಿದಿದ್ದರಿಂದ ಆ ಸಿಳ್ಳು ಕೊನೆಗೆ ಸೀಳಿ ಎರಡಾಗುತ್ತಿತ್ತು. ಚಿಕ್ಕಂದಿನಲ್ಲಿ ಅಣಕಿಸಲು ಹೋಗಿ ನಾನು ಸೋತಿದ್ದೆ.

ದೀಪಾವಳಿ ಮುಗಿಸಿ ಹಿಂಡು ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೊರಟಾಗ ಅವನು ಹೊಸ್ತಿಲಲ್ಲಿ ನಿಂತು, "ಅಣ್ಣಾ, ನಾ ಬರೂದ್ರಾಗ ಆ ಗರಗರ ನಿಲ್ಲಸು. ಕುಂತು ಚಂದಂಗ ಕೇಳೂಣು" ಎಂದ. ಆಗಲಿ ಎಂದೆ.

ಅವನು ಬರಲಿಲ್ಲ. ಮಾಘದಲ್ಲಿ ಜ್ವರ ಬಂದು ಅಲ್ಲೇ ಹೋದ. ಜೊತೆಯವರು ಹೊಳೆಯ ದಂಡೆಯಲ್ಲೇ ಮಣ್ಣು ಮಾಡಿ, ಅವನ ಹಿಂಡನ್ನು ಹರಸಾಹಸಪಟ್ಟು ಹೊಡೆದುಕೊಂಡು ಬಂದು ಸುದ್ದಿ ಹೇಳಿದರು. ನನಗೆ ಅಳು ಬರಲಿಲ್ಲ. ಕಾಲು ಮಡಿಚಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು. ಉಣ್ಣುತ್ತಿದ್ದೆ, ಶಾಲೆಗೆ ಹೋಗಿ ಮಗ್ಗಿ ಹೇಳಿಸುತ್ತಿದ್ದೆ.

ಊರಲ್ಲಿ ಮೇವಿರಲಿಲ್ಲ. ಹಿಂಡನ್ನು ಮತ್ತೆ ಹೊಳೆಯ ಕಡೆಗೆ ಒಯ್ಯಬೇಕು, ಆದರೆ ಅದು ಯಾರ ಹಿಂದೆಯೂ ಹೋಗದು. ಅಪ್ಪ ಕರೆದ, ದೊಡ್ಡಪ್ಪನ ಮಗ ಕರೆದ. ಕುರಿಗಳು ತಲೆ ತಗ್ಗಿಸಿ ದಡ್ಡಿಯ ಮುಳ್ಳುಬೇಲಿಯೊಳಗೇ ನಿಂತವು. ತಮ್ಮನದೆಂದು ನಮಗೆ ಉಳಿದದ್ದು ಆ ಹಿಂಡೊಂದೇ. ಕೊನೆಗೆ ಅಪ್ಪ ಸೊರಡಿಯ ಕುರಿ ವ್ಯಾಪಾರಿಗೆ ಸೋಮವಾರ ಬಾ ಎಂದು ಹೇಳಿ ಕಳಿಸಿದ.

ನಾನು ಮಾತ್ರ ಆ ವಾರವೆಲ್ಲ ರೇಡಿಯೋದ ಏರಿಯಲ್ ತಂತಿಯ ಯೋಚನೆಯಲ್ಲಿದ್ದೆ. ನಾಚಿಕೆಯಾಗುತ್ತದೆ, ಆದರೆ ನಿಜ. ಗಿರಣಿಯಿಂದ ದೂರದ ಬೇವಿನ ಮರಕ್ಕೆ ಏರಿಯಲ್ ಕಟ್ಟಬೇಕು. ಅಲ್ಲಿಂದ ಮನೆಗೆ ಬರುವ ತಂತಿ ದಾರಿಯಲ್ಲಿ ಗಿರಣಿಯ ಗರಗರವನ್ನು ಹೀರಬಾರದು. ಅದಕ್ಕೆ ಸಾದಾ ತಂತಿ ನಡೆಯದು. ಒಳಗೊಂದು ತಂತಿ, ಸುತ್ತಲೂ ತಾಮ್ರದ ಜಾಳಿಗೆಯ ಅಂಗಿ ತೊಟ್ಟ ಕೋಆಕ್ಸಿಯಲ್ ಕೇಬಲ್ಲೇ ಬೇಕು. ಶನಿವಾರ ಮಿರಜಿನಲ್ಲಿ ಮಿಲಿಟರಿಯ ಹಳೆ ಸಾಮಾನು ಮಾರುವವನ ಹತ್ತಿರ ಎರಡು ನಮೂನೆ ಸಿಕ್ಕವು: ಒಂದು ತೆಳ್ಳಗಿನ ಕಂದು ಕೇಬಲ್ಲು, ಇನ್ನೊಂದು ಬೆರಳು ಗಾತ್ರದ ಕಪ್ಪು.

"ಎರಡೂ ತುಂಡು ಒಯ್ರಿ ಮಾಸ್ತರ್ರ, ಹಚ್ಚಿ ನೋಡ್ರಿ. ಯಾವುದು ಮೂಕಾಗಿ ಕುಂದರ್ತೈತಿ, ಅದು ಚಲೋ" ಎಂದ.

ಅವನ ಮಾತು ಸರಿಯಾಗಿತ್ತು. ಕೇಬಲ್ಲಿನ ಒಂದು ತುದಿ ರೇಡಿಯೋಕ್ಕೆ, ಹೊರಗಿನ ಜಾಳಿಗೆ ನೆಲದಲ್ಲಿ ಹುಗಿದ ಸಲಾಕೆಗೆ, ಇನ್ನೊಂದು ತುದಿ ಯಾತಕ್ಕೂ ಇಲ್ಲ. ಗಿರಣಿ ನಡೆಯುತ್ತಿರುವಾಗ ಹೀಗೆ ಹಚ್ಚಿ ನೋಡಿದರೆ ಯಾವುದು ಸುಮ್ಮನಿರುತ್ತದೋ ಅದೇ ಒಳ್ಳೆಯದು. ನನಗೆ ಬೇಕಾಗಿದ್ದದ್ದು ಏನೂ ಕೇಳಿಸದ ಕೇಬಲ್ಲು.

ರವಿವಾರ ಮಧ್ಯಾಹ್ನ ಮೂರರ ಸುಮಾರು. ಗಿರಣಿ ಜೋರಾಗಿ ನಡೆದಿತ್ತು. ಕಂದು ಕೇಬಲ್ಲು ಹಚ್ಚಿದೆ: ಜಾಳಿಗೆ ಸಡಿಲು, ಗರಗರ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ತೆಗೆದು ಕಪ್ಪು ಹಚ್ಚಿದೆ. ಪೂರ್ತಿ ನಿಶ್ಶಬ್ದ. ದನಿಯ ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ಆಗಲೂ ಏನಿಲ್ಲ. ಇದೇ ಸರಿ ಎಂದುಕೊಂಡೆ.

ಆಗ ರೇಡಿಯೋದಲ್ಲಿ "ತ್ರ್ಯಾ ತ್ರ್ಯಾ" ಎಂದು ಕೇಳಿಸಿತು. ಹಿಂದೆಯೇ ಸಿಳ್ಳು. ಕೊನೆಗೆ ಸೀಳಿ ಎರಡಾಯಿತು.

ನನ್ನ ಕಿವಿಯನ್ನು ನಾನು ನಂಬದಿರಬಹುದು. ಕುರಿಗಳನ್ನು ಏನು ಮಾಡಲಿ? ಹಿತ್ತಲ ದಡ್ಡಿಯಲ್ಲಿ ಮಲಗಿದ್ದ ಹಿಂಡಿಗೆ ಹಿಂಡೇ ಎದ್ದಿತು. ಮುಳ್ಳುಬೇಲಿ ಮುರಿದು ಬಂದು ಬಾಗಿಲಿಗೆ ಮುತ್ತಿತು. ಕೊರಳಿಗೆ ಗಂಟೆ ಕಟ್ಟಿದ್ದ ಮುದಿ ಕುರಿ ಹೊಸ್ತಿಲ ಮೇಲೆ ಮುಂಗಾಲಿಟ್ಟು ರೇಡಿಯೋವನ್ನೇ ನೋಡುತ್ತ ನಿಂತಿತು. ಕೂಗು ಮತ್ತೊಮ್ಮೆ ಬಂತು. ನನಗೆ ಹೆದರಿಕೆಯಾಗಲಿಲ್ಲ, ಸಂತೋಷವೂ ಆಗಲಿಲ್ಲ. ಕೇಬಲ್ಲಿನ ಪರೀಕ್ಷೆ ಮುಗಿದಿತ್ತು. ಕೈ ತಾನಾಗಿ ಹೋಗಿ ರೇಡಿಯೋ ಆರಿಸಿತು.

ಅಪ್ಪ ಮೂಲೆಯಿಂದ ಎದ್ದು ಬಂದಿದ್ದ. "ಯಾಕ ಬಂದ್ ಮಾಡ್ದಿ?"

"ಬ್ಯಾಟರಿ ತೀರ್ತಾವಲ್ಲ..." ಎಂದೆ.

ಅಪ್ಪ ನನ್ನ ಮುಖವನ್ನೇ ನೋಡಿದ. "ತೀರ್ಲಿ ಬಿಡೋ" ಎಂದ. "ಹಚ್ಚು. ಲಗೂನ ಹಚ್ಚು."

ಹಚ್ಚಿದೆ. ನಿಶ್ಶಬ್ದ. ಕತ್ತಲಾಗುವ ತನಕ ಹಾಗೇ ಬಿಟ್ಟೆವು. ಅಪ್ಪ ಕುರಿಗಳ ನಡುವೆ ಕುಳಿತಿದ್ದ. ಕೇಬಲ್ಲಿನ ಇನ್ನೊಂದು ತುದಿ ನನ್ನ ಕಾಲ ಹತ್ತಿರ ಯಾತಕ್ಕೂ ಸೇರದೆ ಬಿದ್ದಿತ್ತು.

ಸೋಮವಾರ ವ್ಯಾಪಾರಿ ಬಂದ. ಕುರಿಗಳು ಬಾಗಿಲು ಬಿಟ್ಟು ಕದಲಲಿಲ್ಲ. ಅವನ ಆಳುಗಳು ಒಂದೊಂದನ್ನೇ ಎತ್ತಿ ಗಾಡಿಗೆ ಹಾಕಿದರು. ಗಂಟೆಯ ಮುದಿ ಕುರಿಯನ್ನು ಮಾತ್ರ ಅಪ್ಪ ಕೊಡಲಿಲ್ಲ.

ಆಮೇಲೆ ಕಪ್ಪು ಕೇಬಲ್ಲನ್ನೇ ಹಚ್ಚಿ ಏರಿಯಲ್ ಕಟ್ಟಿದೆ. ಧಾರವಾಡ ಪಕ್ಕದ ಮನೆಯಲ್ಲಿ ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಎಷ್ಟೋ ಸಲ, ಗಿರಣಿ ನಡೆಯುವಾಗ, ಅದೇ ಹೊತ್ತಿಗೆ, ಕೇಬಲ್ಲಿನ ತುದಿ ಬಿಚ್ಚಿ ನೆಲಕ್ಕೆ ಬಿಟ್ಟು ಕುಳಿತು ನೋಡಿದ್ದೇನೆ. ಏನೂ ಇಲ್ಲ. ಏನೂ ಬರಬಾರದೆಂದೇ ಆ ಕೇಬಲ್ಲನ್ನು ಆಯ್ದುಕೊಂಡಿದ್ದು. ಹಾಗಾದರೆ ಅಂದು ಬಂದದ್ದು ಯಾವ ದಾರಿಯಿಂದ? ನಾನು ಬಂದ್ ಮಾಡದೆ ಇದ್ದಿದ್ದರೆ ಇನ್ನೂ ಎಷ್ಟು ಹೊತ್ತು ಅವನು ಕೂಗುತ್ತಿದ್ದನೋ, ಅದೂ ಗೊತ್ತಿಲ್ಲ.

ಈಗ ಮನೆಯಲ್ಲಿ ಕರೆಂಟಿನ ರೇಡಿಯೋ ಇದೆ, ಬ್ಯಾಟರಿಯ ಚಿಂತೆಯಿಲ್ಲ. ಕಾರ್ಯಕ್ರಮವೆಲ್ಲ ಮುಗಿದ ಮೇಲೂ ನಾನು ಅದನ್ನು ಆರಿಸುವುದಿಲ್ಲ. ಹೆಂಡತಿ ಬಂದು ಆರಿಸುತ್ತಾಳೆ. ನನಗೆ ನಿದ್ದೆ ಹತ್ತಿದೆ ಎಂದುಕೊಂಡಿದ್ದಾಳೆ.