ಕೊಟ್ಟಿಗೆಯ ಕತ್ತಲಲ್ಲಿ ಒಂದು ಮೊಟ್ಟೆ

ಮಳವಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಯೋಗಾನರಸಿಂಹ ಮೇಷ್ಟ್ರ ಹೆಂಡತಿ ಆಂಡಾಳ್ ಮಡಿವಂತೆ, ಕಡಿಮೆ ಮಾತಿನವಳು. ಮಗಳು ಗೋದಾ ಹುಟ್ಟಿದ ಮೇಲೆ ಆಕೆಗೆ ಎರಡು ಹೆರಿಗೆಯಾಗಿತ್ತು. ಎರಡು ಕೂಸುಗಳೂ ಹುಟ್ಟಿದಾಗ ಅಳಲೇ ಇಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

೧೯೩೪ರ ಬೇಸಗೆ ರಜದಲ್ಲಿ ಗೋದಾ ಸೀಬೆಮರದಿಂದ ಬಿದ್ದು ಕಾಲು ಮುರಿದುಕೊಂಡಳು. ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಹಿತ್ತಿಲ ಜಗಲಿಯಲ್ಲಿ ಮಲಗಿದ ಎಂಟು ವರ್ಷದ ಹುಡುಗಿಗೆ ಹೊತ್ತೇ ಹೋಗದು. ಮೇಷ್ಟ್ರಿಗೆ ಒಂದು ಯೋಚನೆ ಬಂತು. ಬೇಲಿಯಾಚೆಯ ಒಕ್ಕಲಗಿತ್ತಿ ಮಂಚಮ್ಮನಿಂದ ಎರಡು ಕೋಳಿಮೊಟ್ಟೆ ತಂದರು.

ಆಂಡಾಳ್ ಕೂಗಾಡಲಿಲ್ಲ. ಅದು ಹೊಸಿಲು ದಾಟಿ ಒಳಗೆ ಬರಕೂಡದು, ಮುಟ್ಟಿದವರು ಸ್ನಾನ ಮಾಡದೆ ಅಡುಗೆಮನೆಯ ಕಡೆ ಸುಳಿಯಕೂಡದು ಎಂದಷ್ಟೇ ಹೇಳಿ ಒಳಗೆ ಹೋದಳು.

ಮೇಷ್ಟ್ರು ಸಂತೆಯಿಂದ ಗಾಜಿನ ಲೋಟ ತಂದು ನೀರು ತುಂಬಿ ಮೊಟ್ಟೆ ಬಿಟ್ಟರು. ಮುಳುಗಿತು. ಗೋದಾ ಕೈಯಿಂದಲೇ ಕಲ್ಲುಪ್ಪು ಹಾಕಿಸಿ ಕದಡಿಸಿದರು. ಮೊಟ್ಟೆ ಮೆಲ್ಲಗೆ ಮೇಲೆದ್ದು ತೇಲಿತು. ಇನ್ನೊಂದನ್ನು ನಿಂಬೆರಸದಲ್ಲಿ ಇಟ್ಟರು. ಚಿಪ್ಪಿನ ತುಂಬ ಸಣ್ಣ ಗುಳ್ಳೆಗಳೆದ್ದವು. ರಸ ಬದಲಾಯಿಸುತ್ತ ಬಂದು ಎರಡು ಮೂರು ದಿನ ಕಳೆಯುವಷ್ಟರಲ್ಲಿ ಚಿಪ್ಪೆಲ್ಲ ಕರಗಿ, ತೆಳ್ಳನೆಯ ಪೊರೆಯೊಳಗೆ ಮೊಟ್ಟೆ ಮೆತ್ತಗೆ ಅಲುಗಾಡುತ್ತಿತ್ತು. ಗೋದಾ ಅದನ್ನು ಬಿಸಿಲಿಗೆ ಹಿಡಿದು, ಒಳಗೆ ಮರಿ ಯಾಕೆ ಕಾಣುವುದಿಲ್ಲ ಎಂದು ಕೇಳಿದಳು.

ಕಾವಿಗೆ ಇಡದ ಮೊಟ್ಟೆಯಲ್ಲಿ ಮರಿ ಇರುವುದಿಲ್ಲವೆಂದು ಮೇಷ್ಟ್ರು ವಿವರಿಸಿದರು. ಅವಳಿಗೆ ಅಷ್ಟು ಸಾಲಲಿಲ್ಲ. ಮಂಚಮ್ಮನ ಕೋಳಿ ಆ ವಾರವಷ್ಟೇ ಕಾವಿಗೆ ಕೂತಿತ್ತು. ಮೇಷ್ಟ್ರು ಕೇಳಿದ ಮೇಲೆ ಮಂಚಮ್ಮ ಅದರಡಿಯ ಒಂದು ಮೊಟ್ಟೆಯನ್ನು ಸೆರಗಿನಲ್ಲಿ ಸುತ್ತಿ ತಂದಳು.

"ಬಿರ್ನೆ ನೋಡ್ಬುಟ್ಟು ಕೊಡಿ ಮೇಷ್ಟ್ರೇ, ತಣ್ಣಗಾದ್ರೆ ಸತ್ತೋಯ್ತದೆ" ಎಂದಳು.

ಮೇಷ್ಟ್ರು ಮಗಳನ್ನು ಎತ್ತಿಕೊಂಡು ಕೊಟ್ಟಿಗೆಗೆ ಹೋಗಿ ಬಾಗಿಲು ಮುಚ್ಚಿದರು. ಹೆಂಚಿನ ಸಂದಿಯಿಂದ ಬೀಳುತ್ತಿದ್ದ ಬಿಸಿಲುಕೋಲಿಗೆ ಮೊಟ್ಟೆಯನ್ನು ಅಡ್ಡ ಹಿಡಿದಾಗ ಅದು ಒಳಗಿನಿಂದ ಕೆಂಪಗೆ ಬೆಳಗಿತು. ಕೂದಲೆಳೆಯಂಥ ನಾಳಗಳು, ನಡುವೆ ಸಾಸಿವೆಯಷ್ಟು ಚುಕ್ಕೆ. ಆ ಚುಕ್ಕೆ ಮಿಡಿಯುತ್ತಿತ್ತು. ಗೋದಾ ಅಮ್ಮನನ್ನು ಕೂಗಿದಳು.

ಆಂಡಾಳ್ ಬಾಗಿಲಲ್ಲಿ ನಿಂತಳು. ಆಮೇಲೆ ಒಳಗೆ ಬಂದಳು. ಬಗ್ಗಿ ನೋಡಿದವಳು ಹಾಗೇ ನಿಂತುಬಿಟ್ಟಳು. ಯಾರೂ ಹೇಳದೆಯೇ ಕೈ ಚಾಚಿ ಮೊಟ್ಟೆಯನ್ನು ತೆಗೆದುಕೊಂಡಳು. ಹುಟ್ಟಿದಂದಿನಿಂದ ಆಕೆ ಮೊಟ್ಟೆ ಮುಟ್ಟಿದವಳಲ್ಲ.

"ನಮ್ಮ ಆ ಎರಡು ಕೂಸಿಗೂ ಹೀಗೇ ಮಿಡೀತಿತ್ತೇನು?" ಎಂದು ಗಂಡನನ್ನು ಕೇಳಿದಳು.

"ಮಿಡೀತಿತ್ತು ಕಣೇ," ಎಂದರು ಮೇಷ್ಟ್ರು. "ಹೊಟ್ಟೇಲಿದ್ದ ಅಷ್ಟು ದಿನವೂ ಮಿಡೀತಿತ್ತು."

"ಹಾಗಾದ್ರೆ ಬದುಕಿದ್ವು," ಎಂದಳು ಆಂಡಾಳ್. ಕಣ್ಣು ತುಂಬಿದ್ದರೂ ಮೊಟ್ಟೆಯನ್ನು ಮರೆಯಲಿಲ್ಲ. ಅದನ್ನು ಅಂಗೈಗಳ ನಡುವೆ ಮುಚ್ಚಿಕೊಂಡು ತಾನೇ ಬೇಲಿಯವರೆಗೆ ನಡೆದು ಮಂಚಮ್ಮನ ಕೈಗಿತ್ತಳು. ಬಂದು ಸ್ನಾನ ಮಾಡಿದಳು.

ಮರುದಿನದಿಂದ ಆಕೆ ಹೊಸ ಕ್ರಮ ಮಾಡಿಕೊಂಡಳು. ಬೆಳಗಿನ ಸ್ನಾನಕ್ಕೆ ಮೊದಲೇ ಹಿತ್ತಿಲ ಬೇಲಿಯ ಬಳಿ ಹೋಗಿ ಕೋಳಿ ಎದ್ದಿತ್ತೇ, ಕಾಳು ತಿಂದಿತೇ ಎಂದು ವಿಚಾರಿಸುವುದು. ಮಂಚಮ್ಮನಿಗೂ ಒಂದು ಕೂಸು ಹೋಗಿತ್ತೆಂದು ಆಕೆಗೆ ಗೊತ್ತಾದದ್ದು ಆಗಲೇ. ಇಬ್ಬರೂ ಬೇಲಿಯ ಎರಡು ಬದಿಯಲ್ಲಿ ಕೂತು ಬಿಸಿಲೇರುವವರೆಗೆ ಮಾತಾಡುತ್ತಿದ್ದರು. ಮೇಷ್ಟ್ರು ಒಲೆ ಹಚ್ಚಿ ಕಾಫಿಗೆ ನೀರಿಡುವುದನ್ನು ಕಲಿತರು.

ಮೊಟ್ಟೆಯೊಡೆದು ಮರಿಗಳು ಹೊರಬಂದ ದಿನ ಮಂಚಮ್ಮ ಒಂದನ್ನು ತಂದು ಗೋದಾಳ ಮಡಿಲಿಗೆ ಬಿಟ್ಟಳು. ಆಂಡಾಳ್ ಒಳಗಿಂದ ಹಿಡಿ ನುಚ್ಚು ತಂದು ಮಗಳ ಪಕ್ಕದಲ್ಲಿ ಕೂತು, ಒಂದೊಂದೇ ಕಾಳನ್ನು ಅದರ ಮುಂದೆ ಉದುರಿಸಿದಳು.